ಮೂರು ಕಿಲೋ ತೂಕದ ನಾಲ್ಕನೆಯವರು

ಸಾತಾರಾದ ವಾಚನಾಲಯದ ವಾರ್ಷಿಕೋತ್ಸವಕ್ಕೆ ಪುಣೆಯಿಂದ ಬರಬೇಕಿದ್ದ ಭಾಷಣಕಾರರಿಗೆ ಅಂದೇ ಹೊಟ್ಟೆ ಕೆಡದೆ ಹೋಗಿದ್ದರೆ, ತ್ರ್ಯಂಬಕರಾವ್ ದೇವಸ್ಥಳಿಯವರು ಊಟಕ್ಕೆ ನಾಲ್ಕು ಚಪಾತಿ ತಿಂದುಕೊಂಡು ನೆಮ್ಮದಿಯಾಗಿಯೇ ಇರುತ್ತಿದ್ದರು. ಅಳತೆ-ತೂಕದ ಕಚೇರಿಯಲ್ಲಿ ಕಿರಾಣಿ ಅಂಗಡಿಗಳ ತೂಕದ ಕಲ್ಲುಗಳಿಗೆ ಮುದ್ರೆ ಒತ್ತುವ ಗುಮಾಸ್ತರು ಅವರು. ಯಾವ ವಸ್ತುವನ್ನಾದರೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರೆ ಅದರ ತೂಕ ತಮಗೆ ಹೊಳೆದುಬಿಡುತ್ತದೆ ಎಂಬುದು ಅವರ ಹೆಮ್ಮೆ. ಕುಂಬಳಕಾಯಿಯಿಂದ ಹಿಡಿದು ನೆರೆಮನೆಯ ಕೂಸಿನವರೆಗೆ ಎಲ್ಲದರ ತೂಕ ಹೇಳುತ್ತಿದ್ದರು. ಅದನ್ನು ತಕ್ಕಡಿಗೆ ಹಾಕಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲವಾದ್ದರಿಂದ ಆ ಹೆಮ್ಮೆಗೆ ಈವರೆಗೆ ಧಕ್ಕೆ ಬಂದಿರಲಿಲ್ಲ.

ಖಾಲಿ ಬಿದ್ದ ವೇದಿಕೆಗೆ ಯಾರನ್ನು ಹತ್ತಿಸುವುದು ಎಂದು ವಾಚನಾಲಯದವರು ಸುತ್ತ ನೋಡಿದಾಗ, ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದವರು ಇವರೊಬ್ಬರೇ. ಇವರು ಹತ್ತಿದರು. ಮೊದಲ ಐದು ನಿಮಿಷ ಏನು ಹೇಳಿದರೋ ಅವರಿಗೂ ನೆನಪಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಮಾತು ಹತ್ತಿಕೊಂಡಿತು.

"ಐದು ಅಂದ್ರ ಐದು ಮುತ್ತೈದೆಯರು. ಏಳು ಅಂದ್ರ ಸಪ್ತಪದಿ. ಒಂಬತ್ತು ಅಂದ್ರ ಗ್ರಹ. ಎಲ್ಲಾರಿಗೂ ಮರ್ಯಾದಿ ಅದ. ಅದ ಸಾಲಿನ ಈ ಮೂರು ಏನ್ ಪಾಪ ಮಾಡೇದ್ರಿ? ದೇವರ ಗೂಡಿನ್ಯಾಗ ಮೂರು ಮುಖದ ದತ್ತಮಹಾರಾಜ, ಅಲ್ಲೆ ಅಡ್ಡ ಬೀಳ್ತೀರಿ. ಶಿವಗ ಮೂರೆಲಿ ಬಿಲ್ವ, ಅಲ್ಲೆ ಕೈ ಮುಗೀತೀರಿ. ಅದ ಮೂರು ಚಪಾತಿ ಆಗಿ ತಾಟಿನ್ಯಾಗ ಬಂದ್ರ ದೆವ್ವ ನೋಡಿದವರಗತೆ ಹೆದರತೀರಿ! ಮೂರು ಮಂದಿ ಕೂಡಿ ಶುಭಕಾರ್ಯಕ್ಕ ಹೊಂಟ್ರ ಕಿಸೆದಾಗ ಕಲ್ಲು ಇಟ್ಕೊಂಡು ನಾಲ್ಕು ಅಂತೀರಿ! ಕಲ್ಲಿಗೆ ಮನುಷ್ಯಾರ ಮರ್ಯಾದಿ, ಮೂರಕ್ಕ ಕಲ್ಲಿನ ಮರ್ಯಾದೀನೂ ಇಲ್ಲ!"

ಚಪ್ಪಾಳೆ ಬಿತ್ತು. ಪುಣೆಯವರಿಗೆಂದು ತಂದಿದ್ದ ಹಾರ ಬಾಡುವ ಮೊದಲು ಯಾರ ಕೊರಳಿಗಾದರೂ ಬೀಳಬೇಕಿತ್ತು. ಇವರ ಕೊರಳಿಗೆ ಬಿತ್ತು. ಅಧ್ಯಕ್ಷರು "ನಮ್ಮ ಪೇಟೆಗೆ ಒಬ್ಬ ಧೀರ ಸಿಕ್ಕಾ" ಎಂದುಬಿಟ್ಟರು. ರಾಯರು ಹಾರವನ್ನು ಮನೆಯ ಮೊಳೆಗೆ ನೇತುಹಾಕಿದರು. ಅದು ಒಣಗಿ ಪುಡಿಯುದುರುತ್ತಿದ್ದರೂ ತೆಗೆಯಲು ಬಿಡಲಿಲ್ಲ.

ಧೀರತನ ಮೊದಲು ಮನೆಯಲ್ಲಿಯೇ ಶುರುವಾಗಬೇಕಲ್ಲವೇ? ಅಂದಿನ ಊಟಕ್ಕೆ ಕೂತ ರಾಯರು ತಾಟಿನ ಮೇಲೆ ಕೈ ಅಡ್ಡ ಹಿಡಿದರು.

"ಇಂದು, ನನಗ ಮೂರ ಚಪಾತಿ. ಎರಡಲ್ಲ, ನಾಲ್ಕಲ್ಲ. ಮೂರು."

ಇಂದುಮತಿಬಾಯಿಯವರು ಮೂವತ್ತು ವರ್ಷ ಸಂಸಾರ ಮಾಡಿದವರು. ಎರಡು ಹಾಕಿದರು, ಮೂರನೆಯದನ್ನು ಸದ್ದಿಲ್ಲದೆ ಎರಡು ತುಂಡು ಮಾಡಿ ಹಾಕಿದರು.

"ಯಾಕ ಮುರದೆ?"

"ಮುರದರ ಹೊಟ್ಟಿಗೆ ಹೋಗೂದಿಲ್ಲೇನು? ಮೂರು ಇಡಿ ಚಪಾತಿ ಹ್ಯಾಂಗ ಹಾಕಲಿ? ನಮ್ಮವ್ವ ಹಾಕಿಲ್ಲ, ನಿಮ್ಮವ್ವ ಹಾಕಿಲ್ಲ. ನಾಲ್ಕು ಮಂದಿ ಕೇಳಿದ್ರ ಏನಂದಾರು?"

"ಯಾರು ಆ ನಾಲ್ಕು ಮಂದಿ? ಹೆಸರು ಹೇಳು! ಯಾವಾಗ ನೋಡಿದ್ರೂ ನಾಲ್ಕ ಮಂದಿ ಅಂತಾರ. ಐದನೇದವಗ ಬಾಯಿಲ್ಲೇನು?"

ಅಂದಿನಿಂದ ರಾಯರು ಡಬ್ಬಿಯಿಂದ ತಾವೇ ಮೂರು ಇಡೀ ಚಪಾತಿ ಎಣಿಸಿ ಹಾಕಿಕೊಂಡು ತಿನ್ನತೊಡಗಿದರು. ಇದರಲ್ಲಿ ಒಂದೇ ಒಂದು ಅಡಚಣೆಯಿತ್ತು. ರಾಯರ ಹೊಟ್ಟೆ ನಾಲ್ಕು ಚಪಾತಿಯದು. ಸಿದ್ಧಾಂತ ಮೂರಕ್ಕೆ ಮುಗಿಯುತ್ತಿತ್ತು, ಹಸಿವು ಮುಗಿಯುತ್ತಿರಲಿಲ್ಲ. ನಾಲ್ಕನೆಯದನ್ನು ಕೇಳಿದರೆ ಹೆದರಿದರು ಎಂದಾಗುತ್ತದೆ. ಹೀಗಾಗಿ ಧೀರರು ಅರೆಹೊಟ್ಟೆಯಲ್ಲಿ ಎದ್ದು ಕೈ ತೊಳೆದುಕೊಂಡು, ಮೊಳೆಯ ಮೇಲಿನ ಹಾರವನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಇಷ್ಟರಲ್ಲಿ ಮಗಳು ಮೃಣಾಲಿನಿಯ ಸಂಬಂಧ ಕೂಡಿಬಂತು. ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಅವಳದು. ವಾಯಿ ಊರಿನ ಶ್ರೀರಂಗ ಬರ್ವೆ ಎಂಬ ಭೂಗೋಳದ ಮಾಸ್ತರ ತನ್ನ ಅಜ್ಜಿಯ ಮಂಡಿನೋವಿನ ಗುಳಿಗೆಗೆಂದು ಅಷ್ಟು ದೂರದಿಂದ ಸಾತಾರಾಕ್ಕೇ ಬರತೊಡಗಿದ್ದ. ಗುಳಿಗೆ ವಾಯಿಯಲ್ಲೂ ಸಿಗುತ್ತದೆ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಒಪ್ಪಿದ್ದರು. ಉಳಿದದ್ದು ಒಂದೇ, ಹುಡುಗಿಯ ಕಡೆಯ ಹಿರಿಯರು ವಾಯಿಗೆ ಹೋಗಿ ಮಾತು ಮುಗಿಸಿ ಬರಬೇಕು. ಆ ಮನೆಯಲ್ಲಿ ಮಾತು ಮುಗಿಸುವವರು ಹುಡುಗನ ತಂದೆ ನಾನಾ ಬರ್ವೆ ಅಲ್ಲ, ಅವರ ತಾಯಿ. ಊರೆಲ್ಲ ಆಕೆಯನ್ನು ಮಾಯಿ ಎನ್ನುತ್ತಿತ್ತು. ಮಾಯಿ ಹೂಂ ಅಂದರೆ ಮದುವೆ, ಹೂಂ ಅನ್ನದಿದ್ದರೆ ಶ್ರೀರಂಗ ಮತ್ತೆ ಗುಳಿಗೆ ಒಯ್ಯಬೇಕು.

ಹೊರಡುವವರು ನಾಲ್ವರು ಎಂದು ಗೊತ್ತಾಗಿತ್ತು: ರಾಯರು, ಇಂದುಮತಿಬಾಯಿ, ಅವರ ತಮ್ಮ ವಾಮನ ಮಾಮಾ, ನೆರೆಮನೆಯ ಶೇಂಡೆ ಕಾಕಾ. ಹೊರಡುವ ದಿನ ಬೆಳಿಗ್ಗೆ ಬಕೆಟ್ ಎತ್ತಲು ಬಗ್ಗಿದ ಶೇಂಡೆ ಕಾಕಾ ಮತ್ತೆ ನೆಟ್ಟಗಾಗಲಿಲ್ಲ. ಉಳಿದವರು ಮೂವರು.

ಸುದ್ದಿ ಪೇಟೆಗೆಲ್ಲ ಹಬ್ಬಲು ಒಂದು ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಧೀರರು ಈಗ ಏನು ಮಾಡುತ್ತಾರೆಂದು ನೋಡಲು ಕಿಟಕಿಗೊಂದು ತಲೆ ಹಾಜರಾಯಿತು. ಎದುರು ಮನೆಯ ಪೋಂಕ್ಷೆ ಕಾಕು ಸೀರೆಯ ಸೆರಗಿನಲ್ಲಿ ನಿಂಬೆಕಾಯಿಯಷ್ಟು ಕಲ್ಲೊಂದನ್ನು ಹಿಡಿದು ದಾಟಿಕೊಂಡೇ ಬಂದರು.

"ತ್ರ್ಯಂಬಕರಾವ್, ಹಟ ಬ್ಯಾಡ. ಸಣ್ಣ ಕಲ್ಲು. ಕಿಸೆದಾಗ ಇಟ್ಕೊಂಡ್ರ ಯಾರಿಗೂ ಗೊತ್ತಾಗೂದಿಲ್ಲ."

"ನನಗ ಗೊತ್ತಾಗ್ತದಲ್ಲ, ಕಾಕು!" ಎಂದು ರಾಯರು ಕಿಟಕಿಗಳಿಗೆಲ್ಲ ಕೇಳುವಂತೆ ಹೇಳಿದರು. "ಮೂರು ಮಂದಿ ಹೊಂಟೀವಿ, ಮೂರು ಮಂದಿ ಬರತೀವಿ, ಕಾರ್ಯ ಮುಗಿಸಿಕೊಂಡು ಬರತೀವಿ. ಕಲ್ಲನ್ನ ನಿಮ್ಮ ಬಾಗಲಿಗೆ ಒತ್ತು ಕೊಡ್ರಿ."

ಮೃಣಾಲಿನಿ ಬಾಗಿಲಲ್ಲಿ ನಿಂತಿದ್ದಳು. "ಬಾಬಾ, ನಿಮ್ಮ ಮೂರೂ ನನಗ ಬ್ಯಾಡ, ಆಯಿಯ ನಾಲ್ಕೂ ಬ್ಯಾಡ. ನನಗ ಒಬ್ಬ ಸಾಕು. ಅಲ್ಲೆ ಹೋಗಿ ಭಾಷಣ ಮಾಡಬ್ಯಾಡ್ರಿ, ಕೈ ಮುಗೀತೀನಿ."

"ಹುಚ್ಚಿ, ಭಾಷಣ ಯಾಕ ಮಾಡ್ಲಿ?" ಎಂದು ರಾಯರು ಭಾಷಣದ ದನಿಯಲ್ಲೇ ಹೇಳಿದರು.

ಇಷ್ಟು ಹೊತ್ತೂ ಇಂದುಮತಿಬಾಯಿ ಒಂದು ಮಾತೂ ಆಡಲಿಲ್ಲ. ಗಂಡಸಿಗೆ ಸ್ವಲ್ಪ ಬುದ್ಧಿಯಿದ್ದರೆ ಇಂಥ ಹೊತ್ತಿನಲ್ಲಿ ಅನುಮಾನ ಬರಬೇಕು. ರಾಯರಿಗೆ ಬರಲಿಲ್ಲ. ವಾಮನ ಮಾಮಾನ ಕೈ ಉಳುಕಿದೆ ಎಂದು ಹೆಂಡತಿ ಹೇಳಿದಾಗ ಪೇಢೆಯ ಚೀಲವನ್ನು ತಾವೇ ಹೆಗಲಿಗೇರಿಸಿದರು. ಏರಿಸಿದವರು ಒಂದು ಕಡೆ ವಾಲಿದರು.

"ಎಷ್ಟು ಪೇಢೆ ತಗೊಂಡಿ ಇದರಾಗ?"

"ಅರ್ಧ ಕಿಲೋ."

ರಾಯರು ನಿಂತರು. ಕಣ್ಣು ಮುಚ್ಚಿದರು. "ಪೇಢೆ ಅರ್ಧ ಕಿಲೋ ಇದ್ರ, ಉಳದದ್ದು ಮೂರು ಕಿಲೋ ಏನು?"

"ತೆಂಗಿನಕಾಯಿ, ಖಣ, ಹಣ್ಣು. ಬೀಗರ ಮನಿಗೆ ಬರಿಗೈಲೆ ಹೋಗೂದೇನು? ನಡೀರಿ, ಬಸ್ಸು ಹೋಗ್ತದ."

ಚೀಲದಲ್ಲಿದ್ದದ್ದು ಅಡಿಗೆಮನೆಯ ರುಬ್ಬುವ ಗುಂಡು. ಕಿಸೆಯ ಕಲ್ಲಾದರೆ ಗಂಡ ಹುಡುಕಿ ತೆಗೆದು ಬಿಸಾಕಿಯಾನು ಎಂಬುದು ಒಂದು ಕಾರಣ. ಮದುವೆಯಂಥ ದೊಡ್ಡ ಮಾತಿಗೆ ಬೀದಿಯಲ್ಲಿ ಬಿದ್ದ ಯಾವುದೋ ಕಲ್ಲನ್ನು ನಾಲ್ಕನೆಯವರೆಂದು ಕರೆದೊಯ್ಯುವುದು ಚಂದವಲ್ಲ, ಮನೆಯಲ್ಲಿ ಸ್ಥಾನಮಾನ ಇರುವಂಥದೇ ಬೇಕು ಎಂಬುದು ಇನ್ನೊಂದು. ಈ ಗುಂಡು ಇಂದುಮತಿಬಾಯಿಯ ಅತ್ತೆಯ ಅತ್ತೆಯ ಕಾಲದ್ದು. ಮೃಣಾಲಿನಿಯ ಹೆಸರಿಡುವ ದಿನ, ಆ ಕಡೆಯವರ ಪದ್ಧತಿಯಂತೆ, ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿದ್ದೂ ಇದೇ. ಹಾಗೆ ನೋಡಿದರೆ ಅದು ಹುಡುಗಿಯ ಅಣ್ಣ. ಕುಪ್ಪಸದ ಖಣ ಸುತ್ತಿಸಿಕೊಂಡು, ತಂಗಿಯ ಮದುವೆಯ ಮಾತಿಗೆ ಅದು ತಂದೆಯ ಹೆಗಲೇರಿ ಹೊರಟಿತ್ತು. ಗುಟ್ಟು ವಾಮನ ಮಾಮಾನಿಗೆ ಮಾತ್ರ ಗೊತ್ತು.

ಬಸ್ಸಿನಲ್ಲಿ ಕಂಡಕ್ಟರ್ ಸೀಟಿನ ಮೇಲಿದ್ದ ಚೀಲವನ್ನು ನೋಡಿದ. "ಬಾಯಿ, ಚೀಲ ಕೆಳಗಿಡ್ರಿ, ಮಂದಿ ಕೂಡಬೇಕು."

"ಕೆಳಗ ಇಡಾಂಗಿಲ್ಲ," ಎಂದರು ಇಂದುಮತಿಬಾಯಿ. ನೆಲದ ಮೇಲಿಟ್ಟರೆ ಸಾಮಾನಾಗುತ್ತದೆ, ಸೀಟಿನ ಮೇಲಿಟ್ಟರಷ್ಟೇ ನಾಲ್ಕನೆಯವರು.

"ಹಂಗಾರ ಟಿಕೀಟು ತಗೀರಿ ಅದಕ್ಕೂ."

"ಕೊಡಪ್ಪಾ," ಎಂದು ಅವರು ಶಾಂತವಾಗಿ ನಾಲ್ಕು ಟಿಕೆಟ್ ತೆಗೆದರು. ಪೇಢೆಗೆ ಟಿಕೆಟ್ ತೆಗೆಯುವ ಹೆಂಗಸನ್ನು ಕಂಡಕ್ಟರ್ ಆ ದಾರಿಯಲ್ಲಿ ಕಂಡಿರಲಿಲ್ಲ. ರಾಯರು ಮುಂದಿನ ಸೀಟಿನವನಿಗೆ ಮೂರರ ಮಹತ್ವ ವಿವರಿಸುತ್ತಿದ್ದುದರಿಂದ ಅವರಿಗೆ ಇದಾವುದೂ ತಿಳಿಯಲಿಲ್ಲ.

ವಾಯಿಯ ಬರ್ವೆಯವರ ವಾಡೆಯ ದೊಡ್ಡ ನಡುಮನೆಯಲ್ಲಿ ನಾಲ್ಕು ಮಣೆ ಹಾಕಿ ಸುತ್ತ ರಂಗೋಲಿ ಎಳೆದಿದ್ದರು. ಹಿಂದಿನ ದಿನವೇ ಇಂದುಮತಿಬಾಯಿ ಫೋನಿನಲ್ಲಿ ನಾಲ್ಕು ಮಂದಿ ಎಂದಿದ್ದರು. ಶ್ರೀರಂಗ ರಾಯರನ್ನು ಕಾಲು ತೊಳೆಯಲು ಹಿತ್ತಿಲಿಗೆ ಕರೆದೊಯ್ದ. ನಾನಾ ಬರ್ವೆ ಬಾಗಿಲ ಕಡೆ ಇಣುಕಿದರು.

"ನಾಲ್ಕನೇದವರು ಎಲ್ಲೆ, ವೈನೀ?"

ಇಂದುಮತಿಬಾಯಿ ನಿಜ ಹೇಳಲೆಂದು ಬಾಯಿ ತೆರೆದರು. ಹಿತ್ತಿಲ ಬಾಗಿಲು ತೆರೆದೇ ಇತ್ತು. ಅಲ್ಲಿಂದ ರಾಯರ ಕೆಮ್ಮು ಕೇಳಿಸಿತು. ಬಾಯಿ ಮುಚ್ಚಿ ತಮ್ಮನ ಮುಖ ನೋಡಿದರು. ವಾಮನ ಮಾಮಾ ಸುಳ್ಳು ಹೇಳುವ ಮನುಷ್ಯನಲ್ಲ. ಹಾಗೆಂದು ನಿಜವನ್ನು ಪೂರ್ತಿ ಹೇಳುವ ಮನುಷ್ಯನೂ ಅಲ್ಲ.

"ಬಂದಾರ," ಎಂದ.

"ಬಂದಾರ? ಮತ್ತ ಕಾಣವಲ್ರು?"

"ಅವರು ಮುಂದ ಮುಂದ ಬರೂ ಪೈಕಿ ಅಲ್ಲ."

"ಹಿರ್ಯಾರೇನು?"

"ಭಾಳ ಹಿರ್ಯಾರು. ನಮ್ಮ ಅಕ್ಕನ ಅತ್ತಿಯ ಅತ್ತಿಯ ಕಾಲದವರು."

ನಾನಾರ ಕಣ್ಣು ಅಗಲವಾಯಿತು. "ಅಷ್ಟು ವಯಸ್ಸಾದವರನ್ನ ಎಸ್.ಟಿ. ಬಸ್ಸಿನ್ಯಾಗ ಕರಕೊಂಡು ಬಂದ್ರಿ? ಎಲ್ಲೆ ಬಿಟ್ಟೀರಿ? ಹೊಳಿಗೆ ಹೋಗ್ಯಾರೇನು?"

"ಅವರು ಮೂಲತಃ ಹೊಳಿ ಕಡೆಯವರ," ಎಂದು ವಾಮನ ಮಾಮಾ ನಿಟ್ಟುಸಿರು ಬಿಟ್ಟ. ಗುಂಡನ್ನು ಹಿಂದೊಮ್ಮೆ ಕೃಷ್ಣೆಯ ದಂಡೆಯಿಂದಲೇ ತಂದದ್ದು, ಅದೂ ನಿಜ.

ನಾನಾ ಮುಂದೆ ಕೇಳಲಿಲ್ಲ. ಇಬ್ಬರು ಆಳುಗಳನ್ನು ಹೊಳೆಯ ಮೆಟ್ಟಿಲ ಘಾಟಿಗೆ ಓಡಿಸಿದರು: "ಸಾತಾರಾದಿಂದ ಬಂದ ಒಬ್ಬ ಅಜ್ಜಾರು ಸ್ನಾನಕ್ಕ ಇಳದಾರ, ಕೈ ಹಿಡದು ಕರಕೊಂಡು ಬರ್ರಿ!"

ಕಾಲು ತೊಳೆದು ಬಂದ ರಾಯರು ನಾಲ್ಕು ಮಣೆ ನೋಡಿದರು. ನಾಲ್ಕನೆಯವರು ಹೊಳೆಗೆ ಹೋಗಿದ್ದಾರೆ, ಅವರು ಬಂದ ಮೇಲೆ ಊಟ ಎಂದು ತಿಳಿಯಿತು. ಒಳಗಿನಿಂದ ಹೂರಣದ ಹೋಳಿಗೆಯ ಘಮ ಬರುತ್ತಿತ್ತು. ತಮಗೆ ತಿಳಿಯದಂತೆ ಹೆಂಡತಿ ಶೇಂಡೆ ಕಾಕಾನನ್ನು ಸೊಂಟ ಕಟ್ಟಿಸಿ ಹಿಂದಿನ ಬಸ್ಸಿಗೆ ಹತ್ತಿಸಿದ್ದಾಳೆ ಎಂದು ರಾಯರು ಖಾತ್ರಿ ಮಾಡಿಕೊಂಡರು. ಶೇಂಡೆ ಬರಲಿ, ಎಲ್ಲರೆದುರು ಅವನನ್ನು ಸಾತಾರಾಕ್ಕೆ ವಾಪಸು ಕಳಿಸಿಯೇ ಕೈ ತೊಳೆಯುತ್ತೇನೆ ಎಂದು ಹಲ್ಲು ಕಚ್ಚಿ ತೂಗುಮಂಚದ ಮೇಲೆ ಕೂತರು.

ಘಾಟಿನಲ್ಲಿ ಆಳುಗಳಿಗೆ ಅಜ್ಜ ಸಿಗಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, ಈಗಷ್ಟೇ ಏನೋ ಬುಳುಕ್ ಎಂದದ್ದು ಕೇಳಿದೆ ಎಂದಳು. ಅಲ್ಲಿಗೆ ಮುಗಿಯಿತು. ಈಜುಗಾರರು ನೀರಿಗೆ ಹಾರಿದರು. ದೇವಸ್ಥಾನದ ಪೂಜಾರಿ ಅಜ್ಜ ಬಿದ್ದದ್ದನ್ನು ತಾನೂ ಅರ್ಧ ನೋಡಿದೆ ಎಂದರು. ಯಾವ ಅರ್ಧ ಎಂದು ಯಾರೂ ಕೇಳಲಿಲ್ಲ. ಸುದ್ದಿ ವಾಡೆಗೆ ಮರಳುವಾಗ ಅದರ ಜೊತೆ ಅರ್ಧ ಪೇಟೆಯೂ, ಮೀಸೆ ತಿರುವುತ್ತ ಒಬ್ಬ ಹವಾಲ್ದಾರರೂ ಬಂದರು.

"ಮುಳುಗಿದವರ ಕಡೆಯವರು ಯಾರು?"

ಇಂದುಮತಿಬಾಯಿ ಸೆರಗು ಬಾಯಿಗೊತ್ತಿಕೊಂಡರು. ಅವರಿಗೆ ನಗುವೋ ಅಳುವೋ ಬಂದದ್ದು ಅವರಿಗೇ ಸರಿಯಾಗಿ ತಿಳಿಯಲಿಲ್ಲ. ಸೇರಿದ ಹೆಂಗಸರು ಅಳು ಎಂದುಕೊಂಡು ತಾವೂ ಕಣ್ಣೊರೆಸಿಕೊಂಡರು.

"ಮುಳುಗಿಲ್ಲ ಸಾಹೇಬ್ರ," ಎಂದ ವಾಮನ ಮಾಮಾ ಬೆವರುತ್ತ. "ಅವರು ಎಲ್ಲೂ ಹೋಗೂ ಪೈಕೀನ ಅಲ್ಲ."

"ಕಡೀಕ ನೋಡಿದ್ದು ಯಾವಾಗ?"

"ಮುಂಜಾನೆ. ಅಡಿಗಿ ಮನ್ಯಾಗ."

"ಎತ್ತರ?"

ಮಾಮಾ ಗೇಣಿನ ಮೇಲೆ ನಾಲ್ಕು ಬೆರಳು ತೋರಿಸಿದ. ಹವಾಲ್ದಾರರು ಪೆನ್ಸಿಲನ್ನು ಕಿವಿಯಿಂದ ತೆಗೆದವರು ಮತ್ತೆ ಕಿವಿಗೇ ಇಟ್ಟರು.

"ಬಣ್ಣ?"

"ಕಪ್ಪು."

"ಮೈಮ್ಯಾಲೆ ಬಟ್ಟಿ?"

"ಹಸಿರು ಖಣ."

"ಗಂಡಸಿಗೆ ಖಣ?... ಗುರುತು?"

"ಒಂದು ಬದಿ ಚೂರು ಹೋಗೇದ. ಮೆಣಸಿನಕಾಯಿ ಅರಿವಾಗ."

ರಾಯರು ತೂಗುಮಂಚದಿಂದ ಮೆಲ್ಲನೆ ಎದ್ದರು. ಶೇಂಡೆ ಕಾಕಾ ಎಷ್ಟೇ ಕುಗ್ಗಿದರೂ ಒಂದು ಗೇಣಿಗೆ ಇಳಿಯುವವನಲ್ಲ. ಅವರ ಕಣ್ಣು ಗೋಡೆಯ ಬದಿಗೆ ಹೆಂಡತಿ ಬೇರೊಂದು ಮಣೆಯ ಮೇಲೆ ಕುಳ್ಳಿರಿಸಿದ್ದ ಚೀಲದ ಮೇಲೆ ಹೋಯಿತು. ಬಲಗೈ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡಿತು. ಕಣ್ಣು ಮುಚ್ಚಿತು.

"ಮೂರು ಕಿಲೋ!" ಎಂದು ಕೂಗಿದರು.

ಚೀಲದೊಳಗೆ ಕೈ ಹಾಕಿ ಗುಂಡನ್ನು ಖಣದ ಸಮೇತ ಎತ್ತಿ ಹಿಡಿದರು. ಘಾಟಿನಿಂದ ಬಂದವರಲ್ಲಿ ಒಬ್ಬನ ಮೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವನು ಗುಂಡನ್ನು ನೋಡಿ, "ಇದಕ್ಕಾಗಿ ನಾ ಮೂರು ಸಲ ಮುಳುಗಿದ್ನೇನು?" ಎಂದ.

"ನೋಡ್ರಿ, ಮೂರು!" ಎಂದ ರಾಯರಿಗೆ ಅಂಥ ಹೊತ್ತಿನಲ್ಲೂ ಸಂತೋಷವಾಯಿತು. ಹೆಂಡತಿಯ ಕಡೆ ತಿರುಗಿದರು. "ಮೂರನ್ನ ತಪ್ಪಿಸಲಿಕ್ಕೆ ನಾಲ್ಕನೇದವರನ್ನ ತಂದಿ. ಆ ನಾಲ್ಕನೇದವರ ತೂಕ ಎಷ್ಟು? ಮೂರು! ಹೊತ್ತವ ಯಾರು? ನಾನ!"

ನಗು ಸಿಡಿಯಿತು. ನಾನಾ ಬರ್ವೆ ಮಾತ್ರ ನಗಲಿಲ್ಲ. ಇಡೀ ಪೇಟೆಯೆದುರು ಅವರ ಮುಖ ಕೆಂಪಾಗಿತ್ತು. "ಇದೇನು ನಮ್ಮ ಮನಿಯೊಳಗ ನಾಟಕ ಮಾಡ್ಲಿಕ್ಕೆ ಬಂದೀರಿ? ಕಲ್ಲು ತಂದಿದ್ರ ಕಲ್ಲು ಅಂತ ಹೇಳಬೇಕು. ನಮಗೇನು ರೂಢಿ ಗೊತ್ತಿಲ್ಲೇನು? ಹೊಳಿ ಹುಡುಕಿಸಿಬಿಟ್ರಿ!" ಹವಾಲ್ದಾರರು, ಕಲ್ಲಿನ ಬಗ್ಗೆ ದೂರು ಬರೆದುಕೊಳ್ಳಲು ಬರುವುದಿಲ್ಲ, ಚಹಾ ಮಾತ್ರ ಕುಡಿದುಹೋಗಬಹುದು ಎಂದರು. ಶ್ರೀರಂಗ ಕಂಬ ಹಿಡಿದು ನಿಂತಿದ್ದ. ಸಾತಾರಾದ ಔಷಧಿಯ ಕಿಟಕಿ ತನ್ನ ಪಾಲಿಗೆ ಮುಚ್ಚಿಹೋಗುತ್ತಿರುವಂತೆ ಅವನ ಮುಖ ಬಾಡಿತ್ತು.

ಆಗ ಒಳಗಿನಿಂದ ಮಾಯಿ ಬಂದರು. ಕೋಲೂರಿಕೊಂಡು ಬಂದು ನಡುಮನೆಯಲ್ಲಿ ಕೂತರು. ಜನರ ಗದ್ದಲ ತಾನಾಗಿಯೇ ಅಡಗಿತು.

"ಕೊಡು ಇಲ್ಲೆ," ಎಂದು ಗುಂಡನ್ನು ತೊಡೆಯ ಮೇಲೆ ಇರಿಸಿಕೊಂಡರು. ತಿರುಗಿಸಿ ನೋಡಿದರು. "ಕಲ್ಲು ಛಲೋ ಅದ. ಈಗ ಹೇಳು, ತ್ರ್ಯಂಬಕ. ನೀವು ಬಂದದ್ದು ಮೂರು ಮಂದೀನೋ ನಾಲ್ಕು ಮಂದೀನೋ?"

ಮಾಯಿ ಕುಂಕುಮದ ಬಟ್ಟಲನ್ನು ಹತ್ತಿರ ಎಳೆದುಕೊಂಡರು.

"ನಾಲ್ಕು ಅನ್ನು. ನಾ ಈಗ ಎಲ್ಲಾರಿಗೂ ಕುಂಕುಮ ಹಚ್ಚಿ ಮದವಿ ಸಕ್ಕರಿ ಕೊಡ್ತೀನಿ. ಒಂದು ಮಾತಿನ ಕೆಲಸ."

ಇಂದುಮತಿಬಾಯಿಯ ಕಣ್ಣು ಗಂಡನ ಮೇಲಿತ್ತು. ಮೂವತ್ತು ವರ್ಷದಲ್ಲಿ ಅವರು ಗಂಡನನ್ನು ಹಾಗೆ ಬೇಡಿಕೊಂಡು ನೋಡಿದ್ದಿಲ್ಲ. ವಾಮನ ಮಾಮಾ ಹಿಂದಿನಿಂದ, "ಭಾವಜೀ, ನಾಲ್ಕು ಅನ್ರಿ, ಮನಿಗೆ ಹೋಗಿ ಮೂರು ಅಂತ ಬೇಕಾದಷ್ಟು ಸಲ ಅಂದ್ಕೊಳ್ಳೂವ್ರಂತ," ಎಂದು ಪಿಸುಗುಟ್ಟಿದ. ರಾಯರಿಗೆ ಆ ಹೊತ್ತಿನಲ್ಲಿ ಒಣಗಿದ ಹಾರವಾಗಲಿ, ಕಿಟಕಿಯ ತಲೆಗಳಾಗಲಿ ನೆನಪಾಗಲಿಲ್ಲ. ಮಗಳು ಕೈ ಮುಗಿದು ಬಾಗಿಲಲ್ಲಿ ನಿಂತದ್ದು ನೆನಪಾಯಿತು.

"ಮೂರು," ಎಂದರು.

ಇಂದುಮತಿಬಾಯಿ ಕಣ್ಣು ಮುಚ್ಚಿಕೊಂಡರು.

"ಮೂರ, ಮಾಯಿ. ನಾನು, ಇಕಿ, ನಮ್ಮ ವಾಮನ. ಇದು ಕಲ್ಲು. ನಾ ಇವತ್ತು ಚಿಮಟಿ ಸಕ್ಕರಿ ಆಸೆಗೆ ಕಲ್ಲನ್ನ ಮನುಷ್ಯಾ ಅಂದ್ರ, ನಾಳೆ ನನ್ನ ಮಗಳು ಈ ಮನ್ಯಾಗ ದಿನಾ ಅನ್ನಬೇಕಾಗ್ತದ. ಇದ್ದದ್ದನ್ನ ಇಲ್ಲ ಅನ್ನಬೇಕು, ಇಲ್ಲದ್ದನ್ನ ಅದ ಅನ್ನಬೇಕು. ಮೊದಲ ದಿನಾನ ಅಪ್ಪ ತೂಕ ತಪ್ಪಿಸಿ ಕೊಟ್ಟ ಅಂತ ಅನಿಸಿಕೊಳ್ಳಲಾರೆ. ಅಕಿ ಬಾಯಿ ಸ್ವಲ್ಪ ಜೋರು, ಆದ್ರ ಲೆಕ್ಕ ಸರಿ. ಹಂಗ ಬೇಕಾದ್ರ ತಗೋರಿ. ಬ್ಯಾಡಾದ್ರ ಗುಂಡು ಕೊಡ್ರಿ, ಹೋಗ್ತೀವಿ. ನಾಳೆ ಚಟ್ನಿಗೆ ಬೇಕು."

ಇಷ್ಟು ಹೇಳಿ ಮಣೆಯ ಮೇಲೆ ಕೂತುಬಿಟ್ಟರು. ಗಡಿಬಿಡಿಯಲ್ಲಿ ಕೂತದ್ದು ನಾಲ್ಕನೆಯವರ ಮಣೆಯ ಮೇಲೆ.

ಮಾಯಿ ಗುಂಡನ್ನು ತೊಡೆಯಿಂದ ಇಳಿಸಿ ಪಕ್ಕಕ್ಕಿಟ್ಟರು. "ದತ್ತಮಹಾರಾಜನ ಮೂರು ಮುಖಾ ಹೇಳಿದಿಯಂತ ಭಾಷಣದಾಗ. ನಮ್ಮ ಹುಡುಗಗ ಸುದ್ದಿ ಮುಟ್ಟೇದ. ಅವನ ಮುಖಾ ಮೂರಾದ್ರೂ ಹೊಟ್ಟಿ ಒಂದ, ಹುಚ್ಚಾ. ಮನುಷ್ಯಾರು ಹಂಗಲ್ಲ. ಮೂರು ಮಂದ್ಯಾಗ ಇಬ್ಬರು ಮಾತಾಡಿದ್ರ ಒಬ್ಬರು ಉಳೀತಾರ. ನಾ ಈ ಮನಿಗೆ ಬಂದಾಗ ಅತ್ತಿ, ಗಂಡ, ನಾನು. ಉಳದಾಕಿ ನಾನ. ಉಳದವರಿಗೊಂದು ಜೋಡಿ ಇರಲಿ ಅಂತ ಹಿರ್ಯಾರು ಕಲ್ಲು ಹಿಡಿಸಿದ್ರು. ಬುದ್ಧಿ ಇಲ್ಲದ ಮಾಡಿದ್ದಲ್ಲ."

ರಾಯರನ್ನು ವಾಚನಾಲಯದಲ್ಲಿ ಯಾರೂ ಹೀಗೆ ತಿರುಗಿ ಕೇಳಿರಲಿಲ್ಲ.

"ಬಾ, ಒಳಗ ಬಾ. ನೋಡು."

ಅಡಿಗೆಮನೆಯಲ್ಲಿ ಗೋಡೆಯ ಸಾಲಿಗೆ ಮನೆಯವರ ನಾಲ್ಕು ಮಣೆಗಳಿದ್ದವು. ನಾಲ್ಕನೆಯದರ ಮೇಲೆ ಕಪ್ಪಗಿನ ಇನ್ನೊಂದು ಗುಂಡುಕಲ್ಲು, ಅದರ ಮುಂದೆ ತಾಟು, ತಾಟಿನಲ್ಲಿ ಮುಂಜಾನೆಯ ಅನ್ನ.

"ಸೊಸಿ ತೀರಿಕೊಂಡ ಮ್ಯಾಲೆ ಈ ಮನ್ಯಾಗ ಉಳದವರು ನಾವು ಮೂರು. ನಾ, ಮಗ, ಮೊಮ್ಮಗ. ನಾಲ್ಕು ಮಂದಿ ಹೇಳಿದ್ರು, ಕಲ್ಲು ಇಡ್ರಿ ಅಂತ. ಇಟ್ಟೆ. ದಿನಾ ಬಡಸ್ತೀನಿ. ಒಂದು ದಿನಾನೂ ಉಪ್ಪು ಕಡಿಮಿ ಅದ ಅಂದಿಲ್ಲ ಇದು. ಅಜ್ಜಿ, ನಿನ್ನ ಮಂಡಿನೋವು ಹ್ಯಾಂಗದ ಅಂದಿಲ್ಲ. ಸಾಕಾಗೇದ ನನಗ ಈ ಕಲ್ಲಿನ ಸಂಗಾಟ." ಮಾಯಿಯ ದನಿ ಒಡೆಯಿತು. ಅದನ್ನು ಅವರು ಸಿಟ್ಟಿನಲ್ಲಿ ಮುಚ್ಚಿಕೊಂಡರು. "ನೀ ನಾಲ್ಕು ಅಂದಿದ್ರ ಬರೇ ಕುಂಕುಮ ಹಚ್ಚಿ ಕಳಿಸಿಬಿಡ್ತಿದ್ದೆ, ಮದವಿ ಮಾತು ಎತ್ತತಿರಲಿಲ್ಲ. ಕಲ್ಲಿಗೆ ಹೂಂ ಅನ್ನೂ ಮನಿಯಿಂದ ಇನ್ನೊಂದು ಕಲ್ಲು ತಂದು ಏನ್ ಮಾಡ್ಲಿ? ಜೋರು ಬಾಯಿ ಅಂದೆಲ್ಲ, ಅದ ಬೇಕು ನನಗ. ನಾನಾ! ಆ ಕಲ್ಲು ಎತ್ತಿ ಹಿತ್ತಲಿಗೆ ಇಡು. ಆ ಮಣಿ ತೊಳಿ, ಹುಡುಗಿ ಬರ್ತಾಳ."

ಹೊರಗೆ ಶ್ರೀರಂಗ ಹವಾಲ್ದಾರರನ್ನೇ ತಬ್ಬಿಕೊಂಡ. ಇಂದುಮತಿಬಾಯಿ ಈಗ ನಿಸ್ಸಂದೇಹವಾಗಿ ಅತ್ತರು.

ಊಟಕ್ಕೆ ಕೂತಾಗ ಮಾಯಿ ತಾವೇ ಬಡಿಸಿದರು. ರಾಯರ ತಾಟಿಗೆ ಹೂರಣದ ಹೋಳಿಗೆ ಒಂದು, ಎರಡು, ಮೂರು ಹಾಕಿ ಡಬ್ಬಿಯ ಮುಚ್ಚಳ ಹಾಕಿದರು. ರಾಯರು ಮೂರನ್ನೂ ಮುಗಿಸಿ ಆಸೆಯಿಂದ ಡಬ್ಬಿಯ ಕಡೆ ನೋಡಿದರು.

"ನೋಡಬ್ಯಾಡ," ಎಂದರು ಮಾಯಿ. "ಧೀರರಿಗೆ ಈ ಮನ್ಯಾಗ ಮೂರ."

ರಾಯರ ಮನೆಯ ಗುಂಡನ್ನು ಮಾಯಿ ಬಿಟ್ಟುಕೊಡಲಿಲ್ಲ. ಹುಡುಗಿಯ ಅಣ್ಣ, ತಂಗಿ ಈ ಮನೆಗೆ ಬರುವವರೆಗೆ ಒತ್ತೆಯಿರಲಿ ಎಂದರು. ಹೊರಡುವಾಗ ಶ್ರೀರಂಗ ಚಪ್ಪಲಿ ಮೆಟ್ಟಿ ತಯಾರಾಗಿ ನಿಂತ. ತಾನೂ ಸಾತಾರಾಕ್ಕೆ ಬರುತ್ತೇನೆ, ಅವಳಿಗೆ ತಾನೇ ಹೇಳಬೇಕು ಎಂದ.

"ಬರ್ರಿ, ಬೇಕಾದ್ರ ಬರ್ರಿ," ಎಂದರು ರಾಯರು. "ಆದ್ರ ಮುಂದಿನ ಬಸ್ಸಿಗೆ. ನೀವು ನಮ್ಮ ಜೋಡಿ ಬಂದ್ರ ನಾಲ್ಕು ಆಗ್ತದ. ನಮ್ಮ ಪೇಟಿಗೆ ಗೊತ್ತಾದ್ರ ನನ್ನ ಮಾತು ಮಣ್ಣುಪಾಲು."

ಭೂಗೋಳದ ಮಾಸ್ತರ ಭಾವೀ ಮಾವನ ಸಿದ್ಧಾಂತಕ್ಕಾಗಿ ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ಕೂತ. ಇವರ ಬಸ್ಸಿನಲ್ಲಿ ಚೀಲ ಹಗುರವಾಗಿತ್ತು. ಇಂದುಮತಿಬಾಯಿಯ ಬಲಗೈ ಮುಷ್ಟಿ ಮಾತ್ರ ದಾರಿಯುದ್ದಕ್ಕೂ ಬಿಚ್ಚಲಿಲ್ಲ. ಘಾಟಿನ ಹತ್ತಿರ ಅವರೊಮ್ಮೆ ಬಗ್ಗಿ ಏನೋ ಆರಿಸಿಕೊಂಡದ್ದನ್ನು ರಾಯರು ಕಂಡಿದ್ದರು. ಏನೋ ಹೇಳಹೋದರು. ಹೆಂಡತಿ ಕಿಟಕಿಗೊರಗಿ ತಮ್ಮಷ್ಟಕ್ಕೆ ನಗುತ್ತಿದ್ದರು. ರಾಯರು ಬಾಯಿ ಮುಚ್ಚಿಕೊಂಡು ಅವರ ಮುಷ್ಟಿಯ ಮೇಲೆ ತಮ್ಮ ಕೈ ಇಟ್ಟು ಕೂತರು. ಆ ಕೈಯೊಳಗಿದ್ದದ್ದರ ತೂಕ ಎಷ್ಟೆಂದು ಕಣ್ಣು ಮುಚ್ಚಿ ನೋಡಲೂ ಇಲ್ಲ.

ಪೇಟೆಯ ಕಿಟಕಿಗಳು ಎಣಿಸಿದವು: ಮೂರು ಹೋದದ್ದು, ಮೂರು ಬಂದದ್ದು, ಕಾರ್ಯ ಮುಗಿದದ್ದು. ಸೊಂಟ ಹಿಡಿದುಕೊಂಡೇ ಬಾಗಿಲಿಗೆ ಬಂದ ಶೇಂಡೆ ಕಾಕಾ ಜೈ ಅಂದರು. ಪೋಂಕ್ಷೆ ಕಾಕು ಮಾತ್ರ, "ಅದರಾಗೇನೋ ಅದ," ಎಂದು ಕಿಟಕಿ ಹಾಕಿಕೊಂಡರು.

ಮನೆಯಲ್ಲಿ ಮೃಣಾಲಿನಿ ಅಪ್ಪನ ಮುಖ ನೋಡಿದಳು, ಆಯಿಯ ಮುಖ ನೋಡಿದಳು, ಒಳಗೆ ಓಡಿಹೋಗಿ ಒಲೆ ಹೊತ್ತಿಸಿದಳು. ಕೈ ಕಾಲು ತೊಳೆದು ಕೂತ ರಾಯರ ತಾಟಿಗೆ, ಕಣ್ಣೊರೆಸಿಕೊಳ್ಳುತ್ತ, ಮುರಿಯದೆ ತುಂಡರಿಸದೆ ಬಿಸಿಬಿಸಿ ಮೂರು ಚಪಾತಿ ಹಾಕಿದಳು. ರಾಯರು ತಿಂದರು. ತಾಟು ಖಾಲಿಯಾಯಿತು. ಮೊಳೆಯ ಮೇಲಿನ ಹಾರದ ಕಡೆ ಒಮ್ಮೆ ನೋಡಿದರು. ಆಮೇಲೆ ತಾಟನ್ನು ಮುಂದೆ ತಳ್ಳಿದರು.

"ಇನ್ನೊಂದು ಹಾಕು."

ಮಗಳು ಸೊಂಟದ ಮೇಲೆ ಕೈ ಇಟ್ಟಳು. "ಯಾಕ ಬಾಬಾ, ನಾಲ್ಕು? ಹೆದರಿದ್ರೇನು?"

"ಹೆದರಿಕಿ ಅಲ್ಲ, ಹಸಿವು!" ಎಂದು ರಾಯರು ಪೇಟೆಗೆಲ್ಲ ಕೇಳುವಂತೆ ಗುಡುಗಿದರು. "ಹಾಕು!"